ಶ್ರೀನಗರದಲ್ಲಿ ಆಟ, ಜುವಾರಿನಗರದಲ್ಲಿ ಪಾನಕ

ಶುಕ್ರವಾರ, 4 ಏಪ್ರಿಲ್ 2025

ಫುಟ್ಬಾಲ್ ನೋಡಲು ಗೋವಾಕ್ಕೆ ಹೊರಟಿದ್ದೇನೆ ಎಂದಾಗ ಹುಬ್ಬಳ್ಳಿಯ ಕಚೇರಿಯಲ್ಲಿ ಯಾರೂ ನಂಬಲಿಲ್ಲ. ಗೋವಾಕ್ಕೆ ಹೋಗುವವರು ಹೇಳುವ ನೆಪಗಳ ಪಟ್ಟಿಯಲ್ಲಿ ಇದೊಂದು ಹೊಸದು ಅಷ್ಟೇ ಎಂದು ನಕ್ಕರು. ನಾನು ಹೊರಟದ್ದು ವಾಸ್ಕೊ ಹತ್ತಿರದ ಜುವಾರಿನಗರದಲ್ಲಿರುವ ಸೋದರಮಾವನ ಮನೆಗೆ. ಭಾನುವಾರ ಐ-ಲೀಗ್ ಎಂಬ ದೇಶಮಟ್ಟದ ಫುಟ್ಬಾಲ್ ಲೀಗ್‌ನ ಕೊನೆಯ ಸುತ್ತು. ಅಂಕಪಟ್ಟಿಯ ತುದಿಯಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ಇತ್ತು. ‘ಬಾ, ಈ ಸಲ ನಮ್ಮವರು ಗೆಲ್ಲುತ್ತಾರೆ’ ಎಂದು ಮಾವ ಫೋನಿನಲ್ಲಿ ಹೇಳಿದ್ದರು. ಆಟ ಎಲ್ಲಿ ಎಂದು ನಾನು ಕೇಳಲಿಲ್ಲ. ತಪ್ಪು ನನ್ನದೇ.

ರೈಲು ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಲ್ಲಿ ನಿಂತಿತು. ಅಲ್ಲಿಂದ ಕುಳೆಯವರೆಗೆ ಘಟ್ಟದ ಇಳಿಜಾರು. ಮೂವತ್ತೇಳು ಅಡಿ ಸಾಗಿದರೆ ಒಂದು ಅಡಿ ಇಳಿಯುವ ದಾರಿ, ಆದ್ದರಿಂದ ಬಂಡಿ ಬ್ರೇಕಿನ ವಾಸನೆ ಬಿಡುತ್ತ ತೆವಳುತ್ತದೆ. ದೂಧಸಾಗರ ಬಂದಾಗ ಇಡೀ ಡಬ್ಬಿ ಬಲಕ್ಕೋ ಎಡಕ್ಕೋ ಎಂದು ಗೊಂದಲಪಟ್ಟು ಎರಡೂ ಬದಿಗೆ ಓಡಾಡಿತು. ಏಪ್ರಿಲ್‌ನ ಜಲಪಾತ, ಬಂಡೆಯ ಮೇಲೆ ಯಾರೋ ಒಣಹಾಕಿದ ಪಂಚೆಯ ಹಾಗಿತ್ತು. ಎದುರಿನ ಸೀಟಿನಲ್ಲಿ ಕೊಪ್ಪಳ ಕಡೆಯ ಗಾರೆ ಕೆಲಸದವರ ಕುಟುಂಬ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ ನನಗೂ ಎರಡು ಕೊಟ್ಟರು. ‘ಮಡಗಾಂವ್‌ನಲ್ಲಿ ಇಳಿದರೆ ಕೆಲಸ, ವಾಸ್ಕೊದಲ್ಲಿ ಇಳಿದರೆ ನೆಂಟರು’ ಎಂದು ಆ ಮನೆಯ ಹಿರಿಯ ಹೇಳಿದ.

ಮಾವನದೂ ಅದೇ ಕಥೆ. ಬಾದಾಮಿ ತಾಲ್ಲೂಕಿನ ಹಳ್ಳಿಯಿಂದ 1986ರಲ್ಲಿ ಬಂದವರು. ಆಗಿನ್ನೂ ಗೋವಾ ರಾಜ್ಯವಾಗಿರಲಿಲ್ಲ, ಅದಾದದ್ದು ಮರುವರ್ಷದ ಮೇ 30ಕ್ಕೆ. ಕಬ್ಬಿಣದ ಅದಿರಿನ ಲಾರಿ ಓಡಿಸಿದರು. 2012ರಲ್ಲಿ ಗಣಿಗಾರಿಕೆ ನಿಂತಾಗ ಲಾರಿಯೂ ನಿಂತಿತು, ಅದರ ಚಕ್ರದ ಸುತ್ತ ಹುಲ್ಲು ಬೆಳೆಯಿತು. ಈಗ ಚಿಕ್ಕ ಟೆಂಪೊ ಇಟ್ಟುಕೊಂಡು ತರಕಾರಿ ಸಾಗಿಸುತ್ತಾರೆ. ನಲವತ್ತು ವರ್ಷಗಳಲ್ಲಿ ಅವರ ಕನ್ನಡದೊಳಗೆ ಕೊಂಕಣಿ ಎಷ್ಟು ಸೇರಿದೆಯೆಂದರೆ ಎರಡನ್ನೂ ಬೇರ್ಪಡಿಸಲು ಜರಡಿ ಬೇಕು. ಇಲ್ಲಿ ಅವರ ಮಾತನ್ನೆಲ್ಲ ನಾನು ಜರಡಿ ಹಿಡಿದೇ ಬರೆಯುತ್ತಿದ್ದೇನೆ.

ನಿಲ್ದಾಣದಿಂದ ಮನೆಗೆ ಹೋಗುವ ಮೊದಲು ಮಾವ ಟೆಂಪೊವನ್ನು ತಿಲಕ್ ಮೈದಾನದ ಕಡೆ ತಿರುಗಿಸಿದರು. ದೇವರಿಗೆ ಹಣ್ಣುಕಾಯಿ ಮಾಡಿಸಿ ಮುಂದೆ ಹೋಗುವಂತೆ. ವಾಸ್ಕೊ ಎಂದರೆ ಸಾಲ್ಗಾಂವ್ಕರ್ ತಂಡದ ಊರು. ಅದಿರಿನ ವ್ಯಾಪಾರದ ಮನೆತನವೊಂದು 1956ರಲ್ಲಿ ಕಟ್ಟಿದ ಹಸಿರು ಅಂಗಿಯ ತಂಡ. 1988, 1989ರಲ್ಲಿ ಬೆನ್ನುಬೆನ್ನಿಗೆ ಫೆಡರೇಷನ್ ಕಪ್ ಗೆದ್ದಿತು, ಆಮೇಲೆ 1998–99ರಲ್ಲಿ ರಾಷ್ಟ್ರೀಯ ಲೀಗ್. ಗೋಲ್‌ಕೀಪರ್ ಬ್ರಹ್ಮಾನಂದ ಶಂಖವಾಳ್ಕರ್, ಮುಂಚೂಣಿಯಲ್ಲಿ ಬ್ರೂನೊ ಕುಟಿನ್ಹೊ. ಈ ಎರಡು ಹೆಸರು ಹೇಳುವಾಗ ಮಾವ ಸ್ಟಿಯರಿಂಗ್ ಮೇಲಿನ ಕೈ ಎತ್ತಿದರು, ನಾನು ಸೀಟು ಹಿಡಿದುಕೊಂಡೆ.

‘ಈಗ ಎಲ್ಲಿದೆ ಮಾವ, ಆ ತಂಡ?’

‘ಗೋವಾದೊಳಗಿನ ಲೀಗ್‌ನಲ್ಲಿ ಆಡುತ್ತದೆ. ದೇಶದ ಲೀಗ್ ಬಿಟ್ಟು 2016ಕ್ಕೆ ಬಂದುಬಿಟ್ಟಿತು. ಸೋತು ಬಂದದ್ದಲ್ಲ ತಮ್ಮಾ, ಸಿಟ್ಟಿನಿಂದ ಬಂದದ್ದು.’

ರಾತ್ರಿ ಊಟಕ್ಕೆ ಅತ್ತೆ ಜೋಳದ ರೊಟ್ಟಿ, ಬಾಂಗ್ಡೆ ಹುಳಿ ಒಟ್ಟಿಗೇ ಬಡಿಸಿದರು. ಮಲಪ್ರಭೆಯ ದಂಡೆಯವರು ಯಾರೂ ಒಪ್ಪದ ಜೋಡಿ. ನಾನು ನಾಲ್ಕು ರೊಟ್ಟಿ ತಿಂದೆ.

ಶನಿವಾರ, 5 ಏಪ್ರಿಲ್

ಬೆಳಿಗ್ಗೆ ಬ್ರೆಡ್ ಮಾರುವ ಪೊದೇರನ ಸೈಕಲ್ ಹಾರ್ನಿನಿಂದ ಎಚ್ಚರ. ಬಿಸಿ ಪೊಯ್ ಬ್ರೆಡ್, ಚಹಾ. ಅದಾದ ಮೇಲೆ ನಿಜ ಸಂಗತಿ ಹೊರಬಿತ್ತು: ನಾಳೆ ಚರ್ಚಿಲ್ ಆಡುವುದು ಶ್ರೀನಗರದಲ್ಲಿ, ರಿಯಲ್ ಕಾಶ್ಮೀರ್ ವಿರುದ್ಧ. ಗೋವಾದ ಇನ್ನೊಂದು ತಂಡ ಡೆಂಪೊ ಆಡುವುದು ಕೋಝಿಕ್ಕೋಡ್‌ನಲ್ಲಿ, ಗೋಕುಲಂ ಕೇರಳ ವಿರುದ್ಧ. ಮದುವೆಗೆ ಬಂದು ಇಳಿದ ಮೇಲೆ ಮದುವೆ ಬೇರೆ ಊರಲ್ಲಿ ಎಂದು ತಿಳಿದಂತಾಯಿತು.

‘ಮತ್ತೆ ನನ್ನನ್ನು ಯಾಕೆ ಕರೆದಿರಿ?’

‘ಒಬ್ಬನೇ ನೋಡಲಿಕ್ಕೆ ಬೇಜಾರು.’

ಮಾವನ ಮಗ ಒಳಗಿನಿಂದ ಕೂಗಿ ನಗಲಾರಂಭಿಸಿದ. ಅವನು ಇಲ್ಲೇ ಹುಟ್ಟಿದವನು, ಅವನ ತಂಡ ಎಫ್‌ಸಿ ಗೋವಾ. ಅದೇ ಭಾನುವಾರ ರಾತ್ರಿ ಫಾತೋರ್ಡಾ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡನೆಯ ಪಂದ್ಯ, ಎದುರಾಳಿ ಬೆಂಗಳೂರು ಎಫ್‌ಸಿ. ಅವನ ಬಳಿ ಎರಡು ಟಿಕೆಟ್ ಇದ್ದವು. ಒಂದೇ ದಿನ ಮೇಲಿನ ಲೀಗ್‌ನ ಜಾತ್ರೆ ಮನೆಯಿಂದ ಮೂವತ್ತು ಕಿಲೋಮೀಟರಿನೊಳಗೆ, ಕೆಳಗಿನ ಲೀಗ್‌ನ ತೇರು ಕಾಶ್ಮೀರದಲ್ಲಿ.

ತಂಡಗಳು ಊರಲ್ಲಿಲ್ಲದಿದ್ದರೇನು, ಮೈದಾನವಾದರೂ ತೋರಿಸುತ್ತೇನೆ ಎಂದು ಮಾವ ಹೊರಡಿಸಿದರು. ವೆರ್ಣಾ, ನುವೆಂ, ಮಡಗಾಂವ್ ದಾಟಿ ರಾಯ್. ಚರ್ಚಿಲ್ ಈ ಋತುವಿನಲ್ಲಿ ತನ್ನ ತವರಿನ ಆಟಗಳನ್ನು ಆಡಿದ್ದು ರಾಯ್ ಗ್ರಾಮ ಪಂಚಾಯಿತಿಯ ಮೈದಾನದಲ್ಲಿ. ದೇಶದ ಲೀಗ್‌ನ ತುದಿಯಲ್ಲಿರುವ ತಂಡದ ತವರು ಒಂದು ಪಂಚಾಯಿತಿ ಮೈದಾನ ಎಂಬುದನ್ನು ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಗೇಟಿಗೆ ಬೀಗ ಇತ್ತು. ಸರಳುಗಳ ನಡುವೆ ಮೂಗು ತೂರಿಸಿ ಒಂದು ನಿಮಿಷ ನೋಡಿದೆ. ಬಿಸಿಲು ಬಿಟ್ಟರೆ ಯಾರೂ ಆಡುತ್ತಿರಲಿಲ್ಲ. ಹತ್ತಿರದಲ್ಲೇ ಹಿಮದ ಮಾತೆಯ ಹೆಸರಿನ ಹಳೆಯ ಇಗರ್ಜಿ. ಏಪ್ರಿಲ್‌ನ ಈ ಬೆವರಿನಲ್ಲಿ ಹಿಮದ ಮಾತೆ!

ವಾಪಸು ಬರುವಾಗ ದಾರಿಯ ಪಕ್ಕದ ಗದ್ದೆಯಲ್ಲಿ ಮಾವ ಟೆಂಪೊ ನಿಲ್ಲಿಸಿದರು. ಭತ್ತ ಕೊಯ್ದು ತಿಂಗಳುಗಳಾಗಿದ್ದ ಗದ್ದೆ. ಕೂಳೆ ಒಣಗಿ ಕಾಲಿಗೆ ಚುಚ್ಚುತ್ತಿತ್ತು. ಅದರ ನಡುವೆ ಒಬ್ಬ ಮುದುಕ ಬಗ್ಗಿಕೊಂಡು ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಅವನ ಕೈಯಲ್ಲಿ ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಾಲುಪುಡಿ ಡಬ್ಬಿ. ಡಬ್ಬಿಯನ್ನು ಕೋಲಿನ ತುದಿಗೆ ಕಟ್ಟಿ ಎರಡು ಹೆಜ್ಜೆಗೊಮ್ಮೆ ನೆಲಕ್ಕೆ ಕುಟ್ಟುತ್ತಿದ್ದ. ಪ್ರತಿ ಕುಟ್ಟಿಗೆ ಒಂದು ಅಂಗೈಯಷ್ಟು ಸುಣ್ಣ ಬೀಳುತ್ತಿತ್ತು. ಬದುವಿನ ಹತ್ತಿರ ಗೆರೆ ಸೊಟ್ಟಗಾಯಿತು. ಅವನು ಹಿಂದೆ ಬಂದು ಕಾಲಿನಿಂದ ಅಳಿಸಿ, ಬದುವನ್ನು ಒಳಗೆ ಸೇರಿಸಿಕೊಳ್ಳಬೇಕೇ ಹೊರಗಿಡಬೇಕೇ ಎಂದು ಸ್ವಲ್ಪ ಯೋಚಿಸಿ, ಒಳಗೆ ಸೇರಿಸಿಕೊಂಡ. ಹೀಗೆ ಮೂಲೆಯಲ್ಲಿ ಒಂದು ಗೇಣು ಎತ್ತರದ ದಿಬ್ಬ ಇರುವ ಮೈದಾನ ಸಿದ್ಧವಾಯಿತು. ಸಂಜೆ ಎರಡು ವಾಡೆಗಳ, ಅಂದರೆ ಕೇರಿಗಳ, ನಡುವೆ ಪಂದ್ಯ. ಗೇರುಹಣ್ಣಿನ ಕಾಲವಾದ್ದರಿಂದ ಗಾಳಿಯಲ್ಲಿ ಅದರ ಸಾರಾಯಿ ಉರ್ರಾಕಿನ ವಾಸನೆ ಸಣ್ಣಗೆ ಇತ್ತು.

ಆ ಬದುವಿನ ಮೇಲೆ ಕುಳಿತು ಮಾವ 2016ರ ಸಿಟ್ಟಿನ ಕಥೆ ಹೇಳಿದರು. 2006–07ರಿಂದ 2012–13ರವರೆಗೆ ಏಳು ಋತು, ಏಳೂ ಸಲ ದೇಶದ ಚಾಂಪಿಯನ್ ಗೋವಾದ ತಂಡವೇ: ಡೆಂಪೊ ನಾಲ್ಕು, ಚರ್ಚಿಲ್ ಎರಡು, ಸಾಲ್ಗಾಂವ್ಕರ್ ಒಂದು. ಆ ಸಾಲನ್ನು ಮುರಿದದ್ದು ನಮ್ಮ ಬೆಂಗಳೂರು ಎಫ್‌ಸಿ, ಹುಟ್ಟಿದ ಮೊದಲ ವರ್ಷವೇ. 2014ರಲ್ಲಿ ಐಎಸ್‌ಎಲ್ ಬಂತು. ಮೊದಲು ಎರಡು ತಿಂಗಳ ಹಬ್ಬದ ಹಾಗಿದ್ದದ್ದು ಬರಬರುತ್ತ ಬೆಳೆಯಿತು. 2016ರಲ್ಲಿ ದೇಶದ ಫುಟ್ಬಾಲ್ ನಡೆಸುವ ಫೆಡರೇಷನ್ ಮುಂದಿಟ್ಟ ಯೋಜನೆಯಲ್ಲಿ ಐ-ಲೀಗ್ ಎರಡನೆಯ ಸ್ಥಾನಕ್ಕೆ ಇಳಿಯುತ್ತಿತ್ತು. ಗೆದ್ದರೂ ಮೇಲಕ್ಕೆ ಹೋಗುವ ದಾರಿ ಇರಲಿಲ್ಲ. ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ಡಿ ಗೋವಾ ಹೊರನಡೆದವು. ಹಿಂದಿನ ವರ್ಷ ಕೆಳಗಿಳಿದು, ಎರಡನೆಯ ವಿಭಾಗ ಗೆದ್ದು ಆಗಷ್ಟೇ ಮೇಲೆ ಬಂದಿದ್ದ ಡೆಂಪೊ ಕೂಡ ಹೊರಟಿತು. ಉಳಿದದ್ದು, ಒಮ್ಮೆ ಹೊರಗೆ ಹಾಕಿಸಿಕೊಂಡು ಮತ್ತೆ ಒಳಗೆ ಬಂದ ಚರ್ಚಿಲ್. 2022–23ರಿಂದ ಐ-ಲೀಗ್ ಅಧಿಕೃತವಾಗಿ ಎರಡನೆಯ ದರ್ಜೆ. ಒಂದೇ ಸಮಾಧಾನವೆಂದರೆ ಅದನ್ನು ಗೆದ್ದವರಿಗೆ ಐಎಸ್‌ಎಲ್ ಬಾಗಿಲು ತೆರೆಯಿತು. ಮೊದಲು ಪಂಜಾಬ್, ಆಮೇಲೆ ಕೋಲ್ಕತ್ತದ ಮೊಹಮ್ಮಡನ್ ಒಳಗೆ ಹೋದವು.

‘ಮನೆ ಮೇಲೆ ಮಹಡಿ ಕಟ್ಟಿದರು. ಮೊದಲಿನಿಂದ ಇದ್ದವರು ಏನೂ ಮಾಡದೆ ಕೆಳಮನೆಯವರಾದರು. ಅಷ್ಟೇ’ ಎಂದರು ಮಾವ.

ಇದಕ್ಕೆ ನನ್ನದೊಂದು ತಕರಾರಿದೆ, ಅವರೆದುರು ಹೇಳಲಿಲ್ಲ. ಕೆಳಮನೆಯ ಗೋಡೆಯೂ ಗಟ್ಟಿ ಇರಲಿಲ್ಲ. ಈ ತಂಡಗಳು ನಿಂತದ್ದು ಒಂದೊಂದು ಮನೆತನದ ಹಣದ ಮೇಲೆ. ಹೆಸರೇ ಹೇಳುತ್ತದೆ: ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್ ‘ಸಹೋದರರು’. ಯಜಮಾನರಿಗೆ ಬೇಸರ ಬಂದ ದಿನ ತಂಡಕ್ಕೆ ರಜೆ. ಟಿಕೆಟ್ ಕೊಂಡ ನೂರಾರು ಮಾವಂದಿರನ್ನು ಆಗಲೂ ಯಾರೂ ಕೇಳಿರಲಿಲ್ಲ.

ಡೆಂಪೊ ಬಗ್ಗೆ ನನಗೂ ಒಂದು ನೆನಪಿದೆ. 2004ರ ಡಿಸೆಂಬರ್ 5, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಫೆಡರೇಷನ್ ಕಪ್ ಫೈನಲ್. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಾಗಾನ್ ವಿರುದ್ಧ ಎರಡು ಗೋಲು ಹೊಡೆದ. ಎರಡನೆಯದನ್ನು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವನು ಏಳಲಿಲ್ಲ. ಆಗ ನಾನು ಶಾಲೆಯಲ್ಲಿದ್ದೆ. ಮರುದಿನ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಅಪ್ಪ ಮಡಚಿ ಮೇಲಿಟ್ಟರು, ನಾನು ಸ್ಟೂಲು ಹಾಕಿಕೊಂಡು ತೆಗೆದು ನೋಡಿದೆ. ಡೆಂಪೊ ಹತ್ತನೆಯ ನಂಬರಿನ ಅಂಗಿಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಆ ಋತುವಿನ ಲೀಗ್ ಕೂಡ ಅವರೇ ಗೆದ್ದರು. ಎಂಟು ವರ್ಷ ದೂರ ಉಳಿದಿದ್ದ ಅದೇ ಡೆಂಪೊ ಈ ಋತುವಿನಲ್ಲಿ ಐ-ಲೀಗ್‌ಗೆ ಮರಳಿತ್ತು. ಜೊತೆಗೆ ಬಡ್ತಿ ಪಡೆದು ಬಂದದ್ದು ನಮ್ಮ ಎಸ್‌ಸಿ ಬೆಂಗಳೂರು. ಆ ತಂಡ ಬಂದ ವರ್ಷವೇ ಕೆಳಗಿಳಿದು ಹೋಯಿತು. ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಅದು ಬಂದದ್ದಾದರೂ ಗೊತ್ತಿತ್ತೋ!

ಭಾನುವಾರ, 6 ಏಪ್ರಿಲ್

ರಾಮನವಮಿ. ಓಣಿಯಲ್ಲಿ ಅರ್ಧಕ್ಕರ್ಧ ಕನ್ನಡದ ಮನೆಗಳು. ಬೆಳಿಗ್ಗೆಯಿಂದ ಪಾನಕ, ಕೋಸಂಬರಿ ಬಾಗಿಲಿಂದ ಬಾಗಿಲಿಗೆ ಓಡಾಡಿದವು. ಅತ್ತೆ ಬೆಲ್ಲದ ಪಾನಕಕ್ಕೆ ನಿಂಬೆಯ ಬದಲು ಬಿಂಡಾ, ಅಂದರೆ ಕೋಕಂ, ಸಿಪ್ಪೆ ನೆನೆಸಿದ ನೀರು ಬೆರೆಸುತ್ತಾರೆ. ಬಣ್ಣ ಗಾಢ ಕೆಂಪು. ‘ಚರ್ಚಿಲ್ ಅಂಗಿಯ ಬಣ್ಣ’ ಎಂದು ಮಾವ ಅದನ್ನೂ ಶಕುನವೆಂದೇ ಹಿಡಿದರು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕೊನೆಯ ಸುತ್ತಿಗೆ ಮುನ್ನ ಚರ್ಚಿಲ್ 39 ಅಂಕ, ಗೋಕುಲಂ 37, ರಿಯಲ್ ಕಾಶ್ಮೀರ್ 36, ವಾರಾಣಸಿಯ ಹೊಸ ತಂಡ ಇಂಟರ್ ಕಾಶಿ 36. ಆದರೆ ಕಾಶಿಯವರ ಕಿಸೆಯಲ್ಲಿ ಇನ್ನೂ ಮೂರು ಅಂಕ ಅಡಗಿತ್ತು. ಜನವರಿ 13ರಂದು ಅವರು ಪಂಜಾಬಿನ ನಾಮಧಾರಿ ತಂಡಕ್ಕೆ 0–2ರಿಂದ ಸೋತಿದ್ದರು. ಎದುರಾಳಿಯು ಹಳದಿ ಕಾರ್ಡ್‌ಗಳಿಂದಾಗಿ ಅಮಾನತಿನಲ್ಲಿರಬೇಕಿದ್ದ ಆಟಗಾರನನ್ನು ಕಣಕ್ಕಿಳಿಸಿತ್ತು, ಆ ಅಂಕ ತಮಗೆ ಸೇರಬೇಕು ಎಂಬುದು ಅವರ ದೂರು. ಶಿಸ್ತು ಸಮಿತಿ ಹೌದೆಂದಿತು, ಮೇಲ್ಮನವಿ ಸಮಿತಿ ಆ ತೀರ್ಪಿಗೆ ತಡೆ ಕೊಟ್ಟಿತು. ಲೀಗ್ ಮುಗಿಯುವ ದಿನ ಬಂದರೂ ಜನವರಿಯ ಒಂದು ಆಟ ಮುಗಿದಿರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಪಡಸಾಲೆಯಲ್ಲಿ ಕುಳಿತೆವು. ಮಾವನ ಮೊಬೈಲಿನಲ್ಲಿ ಶ್ರೀನಗರ, ನನ್ನದರಲ್ಲಿ ಕೋಝಿಕ್ಕೋಡ್. ಎರಡನ್ನೂ ಕೋಸಂಬರಿಯ ಡಬರಿಗೆ ಒರಗಿಸಿ ನಿಲ್ಲಿಸಿದ್ದೆವು. ಒಳಗೆ ಹೆಸರುಬೇಳೆ ಕಡಿಮೆಯಾದಂತೆ ಡಬರಿ ಹಗುರಾಗಿ ಹಿಂದೆ ಸರಿಯುತ್ತಿತ್ತು, ಮೊಬೈಲುಗಳು ನಿಧಾನವಾಗಿ ಮಲಗುತ್ತಿದ್ದವು. ಪ್ರತಿ ಹತ್ತು ನಿಮಿಷಕ್ಕೆ ಮಾವ ಅವನ್ನೆತ್ತಿ ನಿಲ್ಲಿಸಿ, ಸೌತೆಕಾಯಿ ಹೋಳನ್ನು ಅಡಿಗೆ ಆಸರೆ ಕೊಟ್ಟರು. ಹಿಂದೆ ಹಿಮಾಲಯದ ಸಾಲು, ಮುಂದೆ ಇರುವೆಗಳ ಗಾತ್ರದ ಆಟಗಾರರು. ಚಿತ್ರ ನಿಂತಾಗಲೆಲ್ಲ ಚೆಂಡು ಗಾಳಿಯಲ್ಲೇ ಉಳಿಯುತ್ತಿತ್ತು. ಮಾವ ಬಾಯಿ ತೆರೆದು ಕಾಯುತ್ತಿದ್ದರು.

ಕೋಝಿಕ್ಕೋಡ್‌ನಲ್ಲಿ ಗೋಕುಲಂ ಬೇಗನೆ ಎರಡು ಗೋಲು ಹೊಡೆಯಿತು, ಎರಡೂ ಥಾಬಿಸೊ ಬ್ರೌನ್‌ನವು. ಚರ್ಚಿಲ್ ಡ್ರಾ ಮಾಡಿಕೊಂಡು ಗೋಕುಲಂ ಗೆದ್ದರೆ ಇಬ್ಬರೂ 40ಕ್ಕೆ ಬರುತ್ತಾರೆ. ಮಾವ ನನ್ನ ಮೊಬೈಲನ್ನು ಬೋರಲು ಹಾಕಿದರು, ತಾವು ನೋಡದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ ಎಂಬಂತೆ. ಮತ್ತೆ ತಿರುಗಿಸಿದಾಗ ಡೆಂಪೊ ಒಂದೊಂದಾಗಿ ತೀರಿಸುತ್ತಿತ್ತು. ಬ್ರೌನ್ ಮೂರನೆಯದನ್ನು ಹೊಡೆದ. ಆದರೂ ಕೊನೆಗೆ ಡೆಂಪೊ 4, ಗೋಕುಲಂ 3. ಜೀವಮಾನವಿಡೀ ಡೆಂಪೊವನ್ನು ಬೈದ ಸಾಲ್ಗಾಂವ್ಕರ್ ಭಕ್ತ ಆ ದಿನ ಡೆಂಪೊ ಹೆಸರು ಹೇಳಿ ಕೈ ಮುಗಿದರು. ಶ್ರೀನಗರದ ಆಟ 1–1ರಲ್ಲಿ ಮುಗಿಯಿತು. ಚರ್ಚಿಲ್ 40. ರಾಜಸ್ಥಾನ್ ಯುನೈಟೆಡ್ ವಿರುದ್ಧ 3–1ರಿಂದ ಗೆದ್ದ ಕಾಶಿ 39.

ಮಾವ ಎದ್ದು ನಿಂತರು. ಕುಣಿಯಬೇಕೋ ಬೇಡವೋ ಗೊತ್ತಾಗದೆ ಅತ್ತೆಯ ಕಡೆ ನೋಡಿದರು. ಪಟ್ಟಿಯಲ್ಲಿ ಮೊದಲಿಗರು, ಆದರೆ ಕಪ್ ಕೊಡುವವರಿಲ್ಲ. ಚಾಂಪಿಯನ್ ಯಾರೆಂದು ಫೆಡರೇಷನ್ ಹೇಳಲಿಲ್ಲ.

‘ಗೆದ್ದರೋ ಇಲ್ಲವೋ?’ ಅತ್ತೆ ಕೇಳಿದರು.

‘ಗೆದ್ದಿದ್ದಾರೆ. ಅದನ್ನು ಅವರು ಒಪ್ಪಬೇಕು.’

‘ಹಾಗಾದರೆ ಪಾನಕ ಕುಡಿಯಿರಿ, ಉಳಿದುಬಿಡುತ್ತದೆ.’

ಮುಂದಿನದನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಓದುವವರೂ ಅತ್ತೆಯ ಹಾಗೆ ಕೇಳುತ್ತಾರೆ. ಅದೇ ಏಪ್ರಿಲ್‌ನಲ್ಲಿ ಮೇಲ್ಮನವಿ ಸಮಿತಿ ಕಾಶಿಯ ವಿರುದ್ಧ ತೀರ್ಪು ಕೊಟ್ಟು ಚರ್ಚಿಲ್ ಚಾಂಪಿಯನ್ ಆಯಿತು. ಮಾವ ಓಣಿಗೆಲ್ಲ ಪೇಢೆ ಹಂಚಿದರು. ಕಾಶಿಯವರು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋದರು. ಜುಲೈ 18ರಂದು ಅಲ್ಲಿಂದ ಬಂದ ತೀರ್ಪು ಇಂಟರ್ ಕಾಶಿಯನ್ನು ಚಾಂಪಿಯನ್ ಎಂದಿತು. ನವೆಂಬರ್‌ನಲ್ಲಿ ಆರಂಭವಾದ ಲೀಗ್‌ನ ಫಲಿತಾಂಶ ಮಳೆಗಾಲದಲ್ಲಿ, ಸರೋವರದ ದಂಡೆಯ ಊರಿನ ಒಂದು ಕಚೇರಿಯಲ್ಲಿ ಹೊರಬಿತ್ತು. ಕಾಶಿಯವರ ವಾದ ಕಾನೂನಿನ ಪ್ರಕಾರ ಸರಿ ಇದ್ದಿರಲೇಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹನ್ನೆರಡು ತಂಡ, ಇಪ್ಪತ್ತೆರಡು ಸುತ್ತಿನ ಲೀಗ್ ನಡೆಸುವವರು ಯಾರಿಗೆ ಎಷ್ಟು ಹಳದಿ ಕಾರ್ಡ್ ಬಿದ್ದಿದೆ ಎಂಬುದನ್ನು ಆಟ ಶುರುವಾಗುವ ಮೊದಲೇ ಎಣಿಸಲಾರರೇ? ಮಾವ ಅದಿರಿನ ಲಾರಿಯ ಟ್ರಿಪ್ಪುಗಳನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿ ಲೆಕ್ಕ ಇಡುತ್ತಿದ್ದರು. ಒಂದೂ ತಪ್ಪಿರಲಿಲ್ಲ.

ಸಂಜೆ ಮಾವನ ಮಗನ ಬೈಕಿನಲ್ಲಿ ಫಾತೋರ್ಡಾಗೆ. ಊರೆಲ್ಲ ಕಿತ್ತಳೆ ಬಣ್ಣ. ಅವನು ನನಗೂ ಒಂದು ಕಿತ್ತಳೆ ಅಂಗಿ ತೊಡಿಸಿದ್ದ. ಇಲ್ಲದಿದ್ದರೆ ತನ್ನ ಗೆಳೆಯರ ನಡುವೆ ಕೂರಿಸಿಕೊಳ್ಳಲಾಗದು ಎಂದ. ಒಳಗೆ ಬೆಂಗಳೂರು, ಹೊರಗೆ ಗೋವಾ ಆಗಿ ಕುಳಿತೆ. ದೀಪಗಳ ಬೆಳಕು, ದೊಡ್ಡ ಪರದೆ, ಡೋಲು, ಇಡೀ ಸ್ಟ್ಯಾಂಡ್ ಒಟ್ಟಿಗೆ ಜಿಗಿಯುವ ಸದ್ದು. ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಸೌತೆಕಾಯಿಯ ಆಸರೆಯಲ್ಲಿ ನೋಡಿದ ಆಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಗೋವಾ 0–2ರಿಂದ ಸೋತಿತ್ತು. ವಿರಾಮದ ನಂತರ ಬೋರ್ಹಾ ಹೆರೇರಾ ಒಂದು, 88ನೆಯ ನಿಮಿಷದಲ್ಲಿ ಸಾದಿಕು ಇನ್ನೊಂದು. ಎರಡೂ ಪಂದ್ಯ ಸೇರಿಸಿದ ಗೋಲುಗಳ ಲೆಕ್ಕ ಸಮವಾಯಿತು. ನನ್ನ ಪಕ್ಕದ ಅಪರಿಚಿತ ನನ್ನನ್ನು ಎತ್ತಿಕೊಂಡೇಬಿಟ್ಟ. ಅವನು ಕೆಳಗಿಳಿಸುವಷ್ಟರಲ್ಲಿ, ಇಂಜುರಿ ಟೈಮಿನಲ್ಲಿ, ಬೆಂಗಳೂರಿನ ಸುನಿಲ್ ಛೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದ. ಕ್ರೀಡಾಂಗಣ ಸ್ತಬ್ಧ. ನಲವತ್ತು ವರ್ಷ ದಾಟಿದ ಮನುಷ್ಯ! ನನ್ನ ಗಂಟಲಿಗೆ ಕೂಗು ಬಂದು ಕಿತ್ತಳೆ ಅಂಗಿಯ ಕಾಲರಿನಲ್ಲಿ ಸಿಕ್ಕಿಕೊಂಡಿತು. ಮಾವನ ಮಗ ಮಾತ್ರ ತಿರುಗಿ ನೋಡಿ, ‘ನಗಬೇಡ, ಇಲ್ಲಿ ನಗಬೇಡ’ ಎಂದು ಹಲ್ಲು ಕಚ್ಚಿದ.

ಮನೆಗೆ ಬಂದಾಗ ಮಾವ ಎಚ್ಚರವಾಗಿದ್ದರು. ಯಾರು ಗೆದ್ದರು ಎಂದು ಕೇಳಲಿಲ್ಲ, ಯಾರು ಹೊಡೆದರು ಎಂದು ಕೇಳಿದರು. ಹೇಳಿದೆ.

‘ಛೆಟ್ರಿಯೇ? 2009–10ರಲ್ಲಿ ಡೆಂಪೊದಲ್ಲಿ ಆಡಿ ಲೀಗ್ ಗೆದ್ದ. 2013ರಲ್ಲಿ ಚರ್ಚಿಲ್ ಸೇರಿ ಮತ್ತೊಮ್ಮೆ ಗೆದ್ದ. ನಮ್ಮ ಹುಡುಗನೇ ಹೊಡೆದಿದ್ದಾನೆ ಬಿಡು.’ ಹೀಗೆಂದು ಅತ್ತ ಹೊರಳಿ ಮಲಗಿದರು.

ಸೋಮವಾರ, 7 ಏಪ್ರಿಲ್

ರೈಲಿಗೆ ಹೊತ್ತಾಗಿತ್ತು. ಅತ್ತೆ ಪೊಯ್ ಬ್ರೆಡ್, ಬಾಟಲಿಯಲ್ಲಿ ಉಳಿದ ಪಾನಕ ಕೊಟ್ಟರು. ಬ್ರೆಡ್ ಸುತ್ತಲು ಮಾವ ಅಂದಿನ ಪತ್ರಿಕೆಯ ಕ್ರೀಡಾಪುಟವನ್ನೇ ತೆಗೆದರು. ಬೇಡ, ನೀವಿನ್ನೂ ಓದಿಲ್ಲ ಎಂದರೆ, ಓದಾಯಿತು ಎಂದರು. ನಿಲ್ದಾಣದಲ್ಲಿ ಕಿಟಕಿಯ ಪಕ್ಕ ನಿಂತು, ಮುಂದಿನ ಋತುವಿಗೆ ಬಾ, ಆಗ ಆಟ ಇಲ್ಲೇ ಇರುವ ದಿನ ನೋಡಿ ಹೇಳುತ್ತೇನೆ ಎಂದರು.

ಕ್ಯಾಸಲ್‌ರಾಕ್‌ನಲ್ಲಿ ಹಸಿವಾಗಿ ಪೊಟ್ಟಣ ಬಿಚ್ಚಿದೆ. ಪುಟದ ಮುಕ್ಕಾಲು ಭಾಗ ಫಾತೋರ್ಡಾದ ಚಿತ್ರ, ಛೆಟ್ರಿ ಎರಡು ಕೈ ಚಾಚಿಕೊಂಡು ಓಡುತ್ತಿದ್ದ. ಕೆಳಗಿನ ಮೂಲೆಯಲ್ಲಿ ಅಂಗೈಯಗಲ ಜಾಗ ಖಾಲಿ. ಅಷ್ಟನ್ನು ಮಾವ ಬ್ಲೇಡಿನಿಂದ ನೀಟಾಗಿ ಕತ್ತರಿಸಿ ತೆಗೆದುಕೊಂಡಿದ್ದರು. ಆ ಕಿಂಡಿಯಿಂದ ಬ್ರೆಡ್ಡಿನ ಕಂದು ಬೆನ್ನು ಕಾಣುತ್ತಿತ್ತು.